ಪರಮ ಪ್ರಸಾದದಿಂದ ದೂರವಾದ ಆರ್ಗನ್ ವಾದಕ: ಮ್ಯಾಕ್ಸ್ ರೇಗರ್

ಕಥೋಲಿಕ ಮನೆಯಲ್ಲಿ ಹುಟ್ಟಿ, 13ನೆಯ ವಯಸ್ಸಿಗೇ ದೇವಾಲಯದ ಆರ್ಗನ್ ಮುಂದೆ ಕುಳಿತು ಬಲಿಪೂಜೆಗೆ ಸಂಗೀತ ನುಡಿಸಿದ ಬಾಲಕನೊಬ್ಬ, ಮುಂದೆ ಜರ್ಮನಿಯ ಹೆಸರಾಂತ ಸಂಗೀತ ರಚನಕಾರನಾಗಿ, ತಾನು ಬೆಳೆದ ಧರ್ಮಸಭೆಯ ಸಂಸ್ಕಾರಗಳಿಂದಲೇ ದೂರವಾಗಿ, 43ನೆಯ ವಯಸ್ಸಿನಲ್ಲಿ ಹೋಟೆಲಿನ ಕೋಣೆಯೊಂದರಲ್ಲಿ ಪ್ರಾಣ ಬಿಟ್ಟ ಕಥೆ ಇದು. ಆತನ ಹೆಸರು ಮ್ಯಾಕ್ಸ್ ರೇಗರ್.

ರೇಗರ್ ಅವರ ಹೆಸರು ಹೇಳಿದೊಡನೆ ಸಂಗೀತ ಬಲ್ಲವರು ಮೊದಲು ನಗುತ್ತಾರೆ. ಅವರ ಊಟ, ಅವರ ಬಿಯರ್, ಅವರ ಚುರುಟು, ಅವರ ಮಾತಿನ ಚಮತ್ಕಾರ ಇವೆಲ್ಲ ದಂತಕಥೆಗಳಾಗಿವೆ. ಶೂಬರ್ಟ್ ರಚಿಸಿದ 'ಟ್ರೌಟ್' ಎಂಬ ಮೀನಿನ ಹೆಸರಿನ ಕೃತಿಯನ್ನು ಅವರು ನುಡಿಸಿದಾಗ ಅಭಿಮಾನಿಯೊಬ್ಬರು ನಿಜವಾದ ಟ್ರೌಟ್ ಮೀನುಗಳನ್ನೇ ಕಾಣಿಕೆಯಾಗಿ ಕಳುಹಿಸಿದರಂತೆ. ಅದಕ್ಕೆ ರೇಗರ್, ಮುಂದಿನ ಸಲ ಹೈಡನ್ನರ ಹೆಸರಿನಲ್ಲಿ ಪ್ರಚಲಿತವಿರುವ 'ಎತ್ತಿನ ಮಿನುಯೆಟ್' ನುಡಿಸುತ್ತೇನೆ ಎಂದು ಉತ್ತರ ಬರೆದರಂತೆ! ಇಂಥ ಕಥೆಗಳಲ್ಲಿ ಎಷ್ಟು ನಿಜ, ಎಷ್ಟು ಕಟ್ಟುಕಥೆ ಎಂದು ಲೆಕ್ಕ ಹಾಕುತ್ತಾ ಕೂರುವುದು ವ್ಯರ್ಥ. ಆದರೆ ಈ ನಗುವಿನ ಹಿಂದೆ ಮರಣಕ್ಕೆ ಅಂಜುತ್ತಿದ್ದ, ಪ್ರಾರ್ಥನೆಯನ್ನು ಎಂದೂ ಬಿಡಲಾಗದ ಮನುಷ್ಯನೊಬ್ಬನಿದ್ದ. ಕಥೋಲಿಕ ಕುಟುಂಬಗಳು ಅರಿಯಬೇಕಾದ ರೇಗರ್ ಆತನೇ.

ಅವರು ಜನಿಸಿದ್ದು 1873ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ. ಬವೇರಿಯಾದ ಈಶಾನ್ಯ ಮೂಲೆಯಲ್ಲಿ ಬೆಟ್ಟಕಾಡುಗಳ ನಡುವಿನ ಬ್ರಾಂಡ್ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಜೋಸೆಫ್ ಶಾಲಾ ಉಪಾಧ್ಯಾಯರು, ತಾಯಿ ಫಿಲೊಮಿನಾ. ಮಗುವಿಗೆ ಇಟ್ಟ ಪೂರ್ಣ ಹೆಸರು ಯೊಹಾನ್ ಬಾಪ್ಟಿಸ್ಟ್ ಜೋಸೆಫ್ ಮ್ಯಾಕ್ಸಿಮಿಲಿಯನ್. ಮರುವರ್ಷವೇ ತಂದೆಗೆ ಸಮೀಪದ ವೈಡನ್ ಪಟ್ಟಣದ ಶಿಕ್ಷಕರ ತರಬೇತಿ ಶಾಲೆಗೆ ವರ್ಗವಾಯಿತು. ಆ ಕಾಲದ ಜರ್ಮನ್ ಉಪಾಧ್ಯಾಯರು ಅಕ್ಷರ ಕಲಿಸುವುದರ ಜೊತೆಗೆ ದೇವಾಲಯದಲ್ಲಿ ಆರ್ಗನ್ ನುಡಿಸುವುದನ್ನೂ ಬಲ್ಲವರಾಗಿರಬೇಕಿತ್ತು. ಆದ್ದರಿಂದ ಶಾಲೆಯಲ್ಲೇ ಅಭ್ಯಾಸಕ್ಕಾಗಿ ಒಂದು ಆರ್ಗನ್ ಇರುತ್ತಿತ್ತು. ವೈಡನ್ ಶಾಲೆಯವರು ತಮ್ಮ ಹಳೆಯ ಆರ್ಗನ್ನನ್ನು ಬೇಡವೆಂದು ತೆಗೆದಾಗ ತಂದೆ ಮಗ ಇಬ್ಬರೂ ಅದರ ಕೊಳವೆಗಳನ್ನೂ ಹಲಗೆಗಳನ್ನೂ ಮನೆಗೆ ತಂದು, ಬಿಡಿಬಿಡಿಯಾಗಿ ಜೋಡಿಸಿ, ಮತ್ತೆ ಉಸಿರಾಡುವಂತೆ ಮಾಡಿದರು. ಗಾಳಿಯು ಕೊಳವೆಯೊಳಗೆ ಹೇಗೆ ಸ್ವರವಾಗುತ್ತದೆ ಎಂಬುದನ್ನು ಆ ಹುಡುಗ ಪುಸ್ತಕದಿಂದ ಕಲಿಯಲಿಲ್ಲ, ಕೈಯಿಂದಲೇ ಕಲಿತ.

ವೈಡನ್ ಪಟ್ಟಣದ ಇನ್ನೊಂದು ವೈಶಿಷ್ಟ್ಯವನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ಸಂತ ಮಿಕಾಯೇಲರ ದೇವಾಲಯ ಒಂದೇ ಕಟ್ಟಡ, ಆದರೆ ಎರಡು ಸಭೆಗಳಿಗೆ ಸೇರಿದ್ದು. 17ನೆಯ ಶತಮಾನದಲ್ಲಿ ಆ ಸೀಮೆಯ ಅರಸು ಮಾಡಿದ ಏರ್ಪಾಡಿನಂತೆ ಕಥೋಲಿಕರೂ ಲೂಥರನ್ನರೂ ಅದೇ ಛಾವಣಿಯಡಿ ಬೇರೆ ಬೇರೆ ಹೊತ್ತಿನಲ್ಲಿ ಆರಾಧನೆ ನಡೆಸುತ್ತಿದ್ದರು. ಕಥೋಲಿಕರು ತಮ್ಮದೇ ಆದ ಸಂತ ಜೋಸೆಫರ ದೇವಾಲಯ ಕಟ್ಟಿಕೊಂಡದ್ದು 20ನೆಯ ಶತಮಾನ ಹುಟ್ಟುವ ಹೊತ್ತಿಗೆ. ಬಾಲಕ ರೇಗರನ ಗುರು ಆಡಲ್ಬರ್ಟ್ ಲಿಂಡ್ನರ್. ಶಿಷ್ಯನ ಕೈಚಳಕ ಕಂಡ ಅವರು 1886ರಿಂದ ಕಥೋಲಿಕ ಪೂಜೆಗಳಲ್ಲಿ ಅವನಿಂದಲೇ ಆರ್ಗನ್ ನುಡಿಸತೊಡಗಿದರು. ಬೆಳಿಗ್ಗೆ ಲತೀನ್ ಪೂಜೆಗೆ ನುಡಿಸಿದ ಹುಡುಗನಿಗೆ, ಅದೇ ಗೋಡೆಗಳ ನಡುವೆ ಇನ್ನೊಂದು ಹೊತ್ತಿನಲ್ಲಿ ಲೂಥರನ್ನರು ಸಭೆಯಾಗಿ ಎದ್ದುನಿಂತು ಹಾಡುತ್ತಿದ್ದ ಕೊರಾಲ್ ಗೀತೆಗಳು ಪರಕೀಯವಾಗಿರಲು ಸಾಧ್ಯವಿರಲಿಲ್ಲ. ಈ ಕೊರಾಲ್ ರಾಗಗಳು ನಮಗೂ ತೀರ ದೂರದವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೊಂದಿಗೆ ಇಂಥ ಜರ್ಮನ್ ರಾಗಗಳು ಕನ್ನಡ ನುಡಿ ತೊಟ್ಟು ನಮ್ಮ ನೆರೆಯ ಸಭೆಗಳ ಗೀತ ಪುಸ್ತಕಗಳಲ್ಲಿ ನೆಲೆಸಿವೆ.

1888ರಲ್ಲಿ ಬೈರಾಯ್ಟ್ ನಗರದಲ್ಲಿ ವಾಗ್ನರರ 'ಪಾರ್ಸಿಫಾಲ್' ಸಂಗೀತ ನಾಟಕ ಕೇಳಿದ ಮೇಲೆ 15 ವರ್ಷದ ರೇಗರ್ ತಾನು ಸಂಗೀತಗಾರನೇ ಆಗುವುದೆಂದು ಹಟ ಹಿಡಿದ. ಮಗ ತನ್ನಂತೆ ಉಪಾಧ್ಯಾಯನಾಗಲಿ ಎಂಬುದು ತಂದೆಯ ಇಷ್ಟ. ಕೊನೆಗೆ ಲಿಂಡ್ನರ್ ಶಿಷ್ಯನ ರಚನೆಗಳನ್ನು ಹೆಸರಾಂತ ಸಂಗೀತ ಶಾಸ್ತ್ರಜ್ಞ ಹ್ಯೂಗೋ ರೀಮನ್ ಅವರಿಗೆ ಕಳುಹಿಸಿ, ಅವರ ಒಪ್ಪಿಗೆ ಪಡೆದು, 1890ರಲ್ಲಿ ಹುಡುಗನನ್ನು ಅವರ ಬಳಿಗೆ ಕಳುಹಿಸಿದರು. ರೀಮನ್ನರೊಂದಿಗೆ ವೀಸ್‌ಬಾಡನ್ ನಗರಕ್ಕೆ ಹೋದ ರೇಗರ್ ಅಲ್ಲಿ ಕಲಿತದ್ದಲ್ಲದೆ ಕಲಿಸಿದರೂ ಕೂಡ. ಆದರೆ ಮನೆಯ ಹತೋಟಿ ತಪ್ಪಿದ ಆ ವರ್ಷಗಳಲ್ಲೇ ಕುಡಿತ ಅಂಟಿತು. 1896ರಲ್ಲಿ ಕಡ್ಡಾಯ ಸೈನಿಕ ಸೇವೆ ಬಂತು. ಅದು ಮುಗಿಯುವಷ್ಟರಲ್ಲಿ ಆರೋಗ್ಯ ಕೆಟ್ಟು, ಸಾಲ ಏರಿ, ಮನಸ್ಸು ಕುಸಿದುಹೋಗಿತ್ತು. 1898ರ ಬೇಸಿಗೆಯಲ್ಲಿ 25 ವರ್ಷದ ಮಗ ಸೋತು ಸುಣ್ಣವಾಗಿ ವೈಡನ್ನಿನ ತಂದೆತಾಯಿಯರ ಮನೆಗೆ ಮರಳಿದ. ಪೋಲಾಗಿ ಹೋದ ಮಗನ ಸಾಮತಿಯನ್ನು ಬಲ್ಲ ಓದುಗರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಆ ಮನೆಯಲ್ಲಿ ಕಳೆದ ಮೂರು ವರ್ಷಗಳೇ ರೇಗರ್ ಅವರನ್ನು ರೇಗರ್ ಆಗಿಸಿದವು. ಊಟ, ನಿದ್ದೆ, ಹಾಸಿಗೆ ಎಲ್ಲವನ್ನೂ ತಾಯಿ ನೋಡಿಕೊಳ್ಳುತ್ತಿದ್ದ ಆ ಸಣ್ಣ ಊರಿನಲ್ಲಿ ಕುಳಿತು, ಬಾಖ್ ನಂತರ ಆರ್ಗನ್ನಿಗಾಗಿ ಬರೆಯಲಾದ ಅತ್ಯಂತ ಬೃಹತ್ತಾದ ಕೃತಿಗಳಲ್ಲಿ ಹಲವನ್ನು ಅವರು ಒಂದರ ಮೇಲೊಂದರಂತೆ ರಚಿಸಿದರು. ಅಚ್ಚರಿಯ ಸಂಗತಿಯೆಂದರೆ, ಕಥೋಲಿಕ ಮಗ ಕಥೋಲಿಕ ತಂದೆತಾಯಿಯರ ಮನೆಯಲ್ಲಿ ಕುಳಿತು ಮೊದಲು ಕೈಗೆತ್ತಿಕೊಂಡ ರಾಗ ಮಾರ್ಟಿನ್ ಲೂಥರರ 'ಐನ್ ಫೆಸ್ಟೆ ಬುರ್ಗ್'. ಸುಧಾರಣೆಯ ಕಾಲದಿಂದ ಪ್ರೊಟೆಸ್ಟಂಟರ ಧ್ವಜದಂತೆ ಇದ್ದ ಆ ಗೀತೆಯ ಮೇಲೆ 1898ರಲ್ಲಿ ಒಂದು ವಿಸ್ತಾರವಾದ ಫ್ಯಾಂಟಸಿ ಬರೆದರು. ಅದರ ಬೆನ್ನಿಗೇ ಇನ್ನೂ ಆರು ಬಂದವು. 1900ರ ಹೊತ್ತಿಗೆ ಲೂಥರನ್ ಗೀತೆಗಳ ಮೇಲಿನ ಏಳು ಮಹಾಕೃತಿಗಳು ಸಿದ್ಧವಾಗಿದ್ದವು.

ಕೊರಾಲ್ ಫ್ಯಾಂಟಸಿ ಎಂದರೇನು? ಗೀತೆಯ ರಾಗವನ್ನು ಸುಮ್ಮನೆ ಅಲಂಕರಿಸಿ ನುಡಿಸುವುದಲ್ಲ. ಒಂದೊಂದು ಚರಣದ ಅರ್ಥಕ್ಕೆ ತಕ್ಕಂತೆ ಸಂಗೀತದ ಮುಖ ಬದಲಾಗುತ್ತದೆ. ಸಾವಿನ ಮಾತು ಬಂದಲ್ಲಿ ಸ್ವರಗಳು ಮಸಣದ ಮಣ್ಣಿನಂತೆ ಭಾರವಾಗಿ ಕುಸಿಯುತ್ತವೆ. ಸ್ವರ್ಗದ ಮಾತು ಬಂದಲ್ಲಿ ಉಸಿರಿನಷ್ಟು ಮೆಲ್ಲನೆ ತೇಲುತ್ತವೆ. ವಾದಕನು ಅರ್ಥ ಮರೆಯದಿರಲೆಂದು ರೇಗರ್ ಸ್ವರಲಿಪಿಯ ಮೇಲೆಯೇ ಗೀತೆಯ ಪದಗಳನ್ನು ಬರೆದಿಟ್ಟರು. ಹಾಡುವವರು ಇಲ್ಲದಿದ್ದರೂ ಪದ ಇರಬೇಕು! ಕೊನೆಗೆ ಹಲವು ದನಿಗಳು ಒಂದನ್ನೊಂದು ಬೆನ್ನಟ್ಟುವ ಫ್ಯೂಗ್. ಅದು ಏರುತ್ತ ಏರುತ್ತ ಹೋದಂತೆ ಮೂಲ ರಾಗವು ಕಾಲಿನಿಂದ ನುಡಿಸುವ ದೊಡ್ಡ ಕೊಳವೆಗಳಲ್ಲಿ ಮೊಳಗುತ್ತದೆ. ಇಡೀ ದೇವಾಲಯದ ಕಂಬಗಳು ಕಂಪಿಸುವಂಥ ಆ ಕ್ಷಣಕ್ಕಾಗಿಯೇ ಕೇಳುಗರು ಕಾದು ಕುಳಿತಿರುತ್ತಾರೆ.

ತಮ್ಮ ಕೊರಾಲ್‌ಗಳಲ್ಲಿ ಎಂಥ ನಿಧಿ ಇದೆಯೆಂಬುದು ಪ್ರೊಟೆಸ್ಟಂಟರಿಗೇ ತಿಳಿದಿಲ್ಲ ಎಂದು ರೇಗರ್ ತಮ್ಮ ಗುರು ಲಿಂಡ್ನರರೊಡನೆ ಉದ್ಗರಿಸಿದ್ದುಂಟು. ಹಾಗಾದರೆ ಕಥೋಲಿಕ ನಿಧಿಯನ್ನು ಅವರು ಏಕೆ ಅಗೆಯಲಿಲ್ಲ? ಇದಕ್ಕೆ ಕಾರಣ ಭಕ್ತಿಯ ಕೊರತೆಯಲ್ಲ. ವೈಡನ್ನಿಂದ ದಕ್ಷಿಣಕ್ಕಿರುವ ರೇಗನ್ಸ್‌ಬರ್ಗ್ ನಗರ ಆಗ ಸಿಸಿಲಿಯನ್ ಚಳುವಳಿಯ ಕೇಂದ್ರವಾಗಿತ್ತು. ಸಂತ ಸಿಸಿಲಿಯಾಳ ಹೆಸರಿನಲ್ಲಿ ಫ್ರಾನ್ಸ್ ಕ್ಸೇವರ್ ವಿಟ್ ಎಂಬ ಗುರುಗಳು 1868ರಲ್ಲಿ ಕಟ್ಟಿದ ಈ ಸಂಘಟನೆಯ ಗುರಿ, ನಾಟಕಶಾಲೆಯ ಸಂಗೀತವನ್ನು ದೇವಾಲಯದಿಂದ ಹೊರಗಿಟ್ಟು, ಗ್ರೆಗೋರಿಯನ್ ಗಾನವನ್ನೂ 16ನೆಯ ಶತಮಾನದ ಪಾಲೆಸ್ಟ್ರೀನಾರ ಶೈಲಿಯನ್ನೂ ಮರಳಿ ತರುವುದು. ಒಳ್ಳೆಯ ಗುರಿಯೇ. ಆದರೆ ಆ ವ್ಯವಸ್ಥೆಯಲ್ಲಿ ಆರ್ಗನ್ ಒಬ್ಬ ವಿಧೇಯ ಸೇವಕ. ಗಾಯನವೃಂದಕ್ಕೆ ಸ್ವರ ಕೊಡಬೇಕು, ನಡುವೆ ಪುಟ್ಟ ತುಣುಕುಗಳನ್ನು ನುಡಿಸಬೇಕು, ಅಷ್ಟೇ. 1903ರಲ್ಲಿ ಹತ್ತನೆಯ ಭಕ್ತಿನಾಥ ಜಗದ್ಗುರುಗಳು ಹೊರಡಿಸಿದ ಸಂಗೀತದ ಆಜ್ಞಾಪತ್ರವೂ, ಸಂಗೀತಕ್ಕಾಗಿ ಗುರುಗಳನ್ನು ಪೀಠದ ಮುಂದೆ ಕಾಯಿಸಬಾರದೆಂದು ಸ್ಪಷ್ಟವಾಗಿ ಹೇಳಿತು. 15 ನಿಮಿಷ, 20 ನಿಮಿಷ ಗುಡುಗುವ ಕೃತಿಗೆ ಅಂಥ ಪೂಜೆಯಲ್ಲಿ ಸ್ಥಳವೆಲ್ಲಿ? ಲೂಥರನ್ ದೇವಾಲಯಗಳಲ್ಲಾದರೋ ಆರ್ಗನ್ ಕಛೇರಿಗಳ ಸಂಪ್ರದಾಯವೇ ಇತ್ತು. ದೊಡ್ಡ ವಾದ್ಯಗಳಿದ್ದವು, ಕೇಳಲು ಬರುವ ಜನರಿದ್ದರು.

ಅಂಥ ವಾದ್ಯದ ಮುಂದೆ ಕುಳಿತು ರೇಗರ್ ಅವರಿಗಾಗಿ ದಾರಿ ತೆರೆದವರು ಕಾರ್ಲ್ ಸ್ಟ್ರೌಬೆ. ರೇಗರ್ ಅವರ ವಯಸ್ಸಿನವರೇ, ಬರ್ಲಿನ್ ನಗರದ ಪ್ರೊಟೆಸ್ಟಂಟ್ ಮನೆಯವರು, ವೇಸಲ್ ಎಂಬ ಊರಿನ ಮಹಾದೇವಾಲಯದಲ್ಲಿ ಆರ್ಗನ್ ವಾದಕರು. ಮುಂದೆ ಲೈಪ್ಜಿಗ್‌ನಲ್ಲಿ ಬಾಖ್ ಅವರೇ ಸೇವೆ ಸಲ್ಲಿಸಿದ ಸಂತ ತೋಮಸರ ದೇವಾಲಯಕ್ಕೆ ಬಂದವರು. ನುಡಿಸಲು ಅಸಾಧ್ಯವೆಂದು ಇತರರು ಕೈಚೆಲ್ಲಿದ ಪುಟಗಳನ್ನು ಸ್ಟ್ರೌಬೆ ಶಾಯಿ ಆರುವ ಮುನ್ನವೇ ನುಡಿಸಿದರು. 1900ರಲ್ಲಿ ರಚಿತವಾದ 'ಬಾಖ್' ಹೆಸರಿನ ಫ್ಯಾಂಟಸಿ ಮತ್ತು ಫ್ಯೂಗ್ ಕೃತಿಯನ್ನು ಮೊದಲು ಲೋಕಕ್ಕೆ ಕೇಳಿಸಿದವರೂ ಅವರೇ. ಜರ್ಮನ್ ಸಂಗೀತದಲ್ಲಿ ಸ್ವರಗಳಿಗೆ ಅಕ್ಷರಗಳ ಹೆಸರಿದೆ. ಬಿ, ಎ, ಸಿ, ಹೆಚ್ ಎಂಬ ನಾಲ್ಕು ಸ್ವರಗಳನ್ನು ಸಾಲಾಗಿ ನುಡಿಸಿದರೆ ಬಾಖ್ ಅವರ ಹೆಸರೇ ಆಗುತ್ತದೆ. ಒಂದಕ್ಕೊಂದು ಒತ್ತಿಕೊಂಡಿರುವ ಆ ನಾಲ್ಕು ಸ್ವರಗಳಿಂದಲೇ ರೇಗರ್ ಇಡೀ ಗೋಪುರ ಕಟ್ಟಿದರು. ಸಂಗೀತದ ಆದಿಯೂ ಅಂತ್ಯವೂ ಬಾಖ್ ಎಂಬುದು ಅವರ ನಂಬಿಕೆ. ಕೃತಿಯನ್ನು ಮಾತ್ರ ಮ್ಯೂನಿಕ್ ನಗರದ ಹಿರಿಯ ಕಥೋಲಿಕ ಆರ್ಗನ್ ರಚನಕಾರ ಜೋಸೆಫ್ ರೈನ್‌ಬರ್ಗರ್ ಅವರಿಗೆ ಅರ್ಪಿಸಿದರು.

ಇಷ್ಟರಿಂದ ಅವರು ತಮ್ಮ ಸಭೆಯನ್ನು ಮರೆತರೆಂದು ಯಾರೂ ಭಾವಿಸಬಾರದು. 1901ರಲ್ಲಿ ಬರೆದ 12 ಆರ್ಗನ್ ತುಣುಕುಗಳ ಗುಚ್ಛದಲ್ಲಿ 'ಕೀರಿಯೆ', 'ಗ್ಲೋರಿಯಾ', 'ಬೆನೆದಿಕ್ತುಸ್', 'ತೆ ದೇಯುಮ್' ಇವೆ. ಅದೇ ಕಾಲದಲ್ಲಿ ಸಾಮಾನ್ಯ ಗಾಯನವೃಂದಗಳು ಹಾಡಲೆಂದೇ ಸುಲಭವಾದ 'ತಾಂತುಮ್ ಎರ್ಗೊ' ಗೀತೆಗಳನ್ನೂ, ಮಾತೆ ಮರಿಯಳ ಗೀತೆಗಳನ್ನೂ, ಶವಸಂಸ್ಕಾರದ ಗೀತೆಗಳನ್ನೂ ಬರೆದರು. ಪರಮ ಪ್ರಸಾದದ ಆಶೀರ್ವಾದಕ್ಕೆ ಮೊಣಕಾಲೂರಿದ ಜನರ ಮುಂದೆ ಹಾಡಬೇಕಾದ ಪುಟ್ಟ ಗೀತೆಗಳಿವು. ಪಾಂಡಿತ್ಯದ ಪ್ರದರ್ಶನ ಲವಲೇಶವೂ ಇಲ್ಲ. ತಾನು ಬೆರಳ ತುದಿಯವರೆಗೂ ಕಥೋಲಿಕ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಆರ್ಗನ್ ವಾದಕನ ಬಾಯಲ್ಲಿ ಆ ಮಾತಿಗೆ ವಿಶೇಷ ತೂಕವಿದೆ.

ಹೀಗಿರುವಾಗ 1902 ಬಂತು. ವೀಸ್‌ಬಾಡನ್ ದಿನಗಳಿಂದ ರೇಗರ್ ಒಲಿದಿದ್ದ ಎಲ್ಸಾ ಫಾನ್ ಬೆರ್ಕನ್ ಎಂಬಾಕೆ ಪ್ರೊಟೆಸ್ಟಂಟ್ ಮಹಿಳೆ. ಅದಕ್ಕೂ ಮಿಗಿಲಾಗಿ ವಿಚ್ಛೇದಿತೆ. ದೀಕ್ಷಾಸ್ನಾನ ಪಡೆದ ಇಬ್ಬರು ಪ್ರೊಟೆಸ್ಟಂಟರ ನಡುವಿನ ವಿವಾಹವನ್ನೂ ಕಥೋಲಿಕ ಧರ್ಮಸಭೆ ನಿಜವಾದ ವಿವಾಹವೆಂದೇ ಗೌರವಿಸುತ್ತದೆ, ಆದ್ದರಿಂದಲೇ ನ್ಯಾಯಾಲಯದ ವಿಚ್ಛೇದನದಿಂದ ಅದು ಮುರಿಯಿತೆಂದು ಒಪ್ಪುವುದಿಲ್ಲ. ಕಥೋಲಿಕ ಪೀಠದ ಮುಂದೆ ಅವರಿಬ್ಬರು ನಿಲ್ಲುವಂತಿರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ ಸರಕಾರಿ ನೋಂದಣಿಯಾಯಿತು. ಡಿಸೆಂಬರ್ ತಿಂಗಳಲ್ಲಿ ಬಾಡ್ ಬೋಲ್ ಎಂಬಲ್ಲಿ ಪ್ರೊಟೆಸ್ಟಂಟ್ ಕ್ರಮದಂತೆ ಮದುವೆ ನಡೆಯಿತು. ಫಲವಾಗಿ ರೇಗರ್ ಧರ್ಮಬಹಿಷ್ಕೃತರಾದರು. ಪ್ರತಿ ಪೂಜೆಗೂ ಸ್ವರ ಕೊಟ್ಟು ಬೆಳೆದ ಮಗನಿಗೆ ಪಾಪನಿವೇದನೆಯ ಬಾಗಿಲೂ ಪರಮ ಪ್ರಸಾದದ ಬಾಗಿಲೂ ಮುಚ್ಚಿದವು. ಇಂದು ನಮ್ಮ ನಡುವೆಯೂ ಇಂಥ ಸಂಕಟವನ್ನು ಹೊತ್ತ ಮನೆಗಳಿವೆ. ಕಡೆಯ ಬೆಂಚಿನಲ್ಲಿ ಕುಳಿತು, ಎಲ್ಲರೂ ಸಾಲಾಗಿ ಮುಂದೆ ಹೋಗುವಾಗ ತಲೆ ತಗ್ಗಿಸಿ ಉಳಿದುಬಿಡುವವರನ್ನು ನೋಡಿದವರಿಗೆ ಆ ನೋವಿನ ಆಳ ಊಹಿಸುವುದು ಕಷ್ಟವಲ್ಲ.

ದಾಂಪತ್ಯ ಕೊನೆತನಕ ಉಳಿಯಿತು. ಅವರಿಗೆ ಮಕ್ಕಳಾಗಲಿಲ್ಲ, ಇಬ್ಬರು ಹೆಣ್ಣುಮಕ್ಕಳನ್ನು ದತ್ತು ಪಡೆದು ಸಾಕಿದರು. ಗಂಡನ ಕುಡಿತದೊಡನೆ ಎಲ್ಸಾ ನಡೆಸಿದ ಹೋರಾಟ ದೊಡ್ಡದು. ರೇಗರ್ ಬಿಡುವುದಾಗಿ ಶಪಥ ಮಾಡುತ್ತಿದ್ದರು, ಬಿಟ್ಟೂ ತೋರಿಸುತ್ತಿದ್ದರು, ಮತ್ತೆ ಜಾರುತ್ತಿದ್ದರು. ಅವರ ಹಾಸ್ಯದ ಕಥೆಗಳನ್ನು ಸವಿಯುವವರು ಈ ಮಾತನ್ನು ಮರೆಯಬಾರದು.

ಹಾಸ್ಯವಂತೂ ಮ್ಯೂನಿಕ್ ವರ್ಷಗಳಲ್ಲಿ ಕೆರಳಿತು. ಅಲ್ಲಿನ ಸಂಗೀತ ವಲಯ ಇವರನ್ನು ಒಪ್ಪಲಿಲ್ಲ, ಇವರೂ ಬಾಗಲಿಲ್ಲ. 1903ರ ವಯೊಲಿನ್ ಸೊನಾಟಾ ಒಂದರಲ್ಲಿ ಸ್ವರಗಳ ಅಕ್ಷರ ಜೋಡಿಸಿ ಜರ್ಮನ್ ಭಾಷೆಯಲ್ಲಿ 'ಕುರಿಗಳು' ಎಂಬ ಪದವನ್ನೂ 'ಕೋತಿ' ಎಂಬ ಪದವನ್ನೂ ಹೆಣೆದು ವಿಮರ್ಶಕರಿಗೆ ಅರ್ಪಿಸಿದರು. ಬಾಖ್ ಅವರಿಗೆ ಗುಡಿ ಕಟ್ಟಿದ ವಿದ್ಯೆಯಿಂದಲೇ ವಿಮರ್ಶಕರಿಗೆ ದೊಡ್ಡಿ ಕಟ್ಟಿದಂತಾಯಿತು! 1906ರಲ್ಲಿ ರುಡಾಲ್ಫ್ ಲೂಯಿ ಎಂಬ ವಿಮರ್ಶಕರು ಅವರ 'ಸಿನ್ಫೊನಿಯೆಟ್ಟಾ' ಕೃತಿಯನ್ನು ಖಂಡಿಸಿದಾಗ ರೇಗರ್ ಬರೆದರೆನ್ನಲಾದ ಕಾಗದ ಜಗತ್ಪ್ರಸಿದ್ಧ. ತಾವು ಮನೆಯ ಅತಿ ಚಿಕ್ಕ ಕೋಣೆಯಲ್ಲಿ ಕುಳಿತಿರುವುದಾಗಿಯೂ, ವಿಮರ್ಶೆ ಸದ್ಯಕ್ಕೆ ತಮ್ಮ ಮುಂದೆ ಇದ್ದು ಇನ್ನೇನು ಹಿಂದಕ್ಕೆ ಹೋಗಲಿರುವುದಾಗಿಯೂ ಅದರಲ್ಲಿ ತಿಳಿಸಿದ್ದರಂತೆ. ಕುಟುಂಬದವರೆಲ್ಲ ಓದುವ ಪುಟದಲ್ಲಿ ಇದಕ್ಕಿಂತ ಬಿಡಿಸಿ ಹೇಳುವುದು ಸಲ್ಲದು. ತಮ್ಮನ್ನೇ ಗೇಲಿ ಮಾಡಿಕೊಳ್ಳಲೂ ಅವರು ಹಿಂಜರಿದವರಲ್ಲ. ಜರ್ಮನ್ನರಲ್ಲಿ 'ಅಕೋರ್ಡ್' ಎಂದರೆ ಸ್ವರಮೇಳವೂ ಹೌದು, ತುಂಡುಗುತ್ತಿಗೆಯ ಕೆಲಸವೂ ಹೌದು. ರೇಗರ್ ತಮ್ಮನ್ನು 'ಅಕೋರ್ಡ್ ಕೂಲಿಯಾಳು' ಎಂದು ಕರೆದುಕೊಂಡರು. ಸ್ವರಮೇಳಗಳನ್ನು ಮೂಟೆಗಟ್ಟಲೆ ಹೊರುತ್ತಿದ್ದವರಿಗೆ ಒಪ್ಪುವ ಬಿರುದೇ ಸರಿ.

1907ರಲ್ಲಿ ಅವರು ಲೈಪ್ಜಿಗ್ ಸೇರಿ ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆ ಕೆಲಸವನ್ನು ಕಡೆಯ ದಿನದವರೆಗೂ ಬಿಡಲಿಲ್ಲ. ಯೇನಾ ವಿಶ್ವವಿದ್ಯಾನಿಲಯ 1908ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಆ ವಿಶ್ವವಿದ್ಯಾನಿಲಯದ 350ನೆಯ ವರ್ಷಾಚರಣೆಗಾಗಿ ಅವರು ಆರಂಭಿಸಿದ 100ನೆಯ ಕೀರ್ತನೆಯ ಸಂಗೀತವು ಮುಂದೆ ಪೂರ್ಣಗೊಂಡಾಗ, ಅದರ ಅಂತಿಮ ಫ್ಯೂಗ್ ಶಿಖರ ಮುಟ್ಟುವಲ್ಲಿ ಪ್ರತ್ಯೇಕವಾಗಿ ನಿಲ್ಲಿಸಿದ ಕಹಳೆಗಳು ಮೊಳಗುವುದು ಮತ್ತೆ ಅದೇ ಲೂಥರರ ರಾಗವನ್ನು. 1911ರಿಂದ 1914ರವರೆಗೆ ಮೈನಿಂಗನ್ ಅರಸರ ಆಸ್ಥಾನ ವಾದ್ಯವೃಂದದ ನಿರ್ದೇಶಕರಾಗಿ ಊರಿಂದೂರಿಗೆ ರೈಲಿನಲ್ಲಿ ಅಲೆದರು. 1914ರ ಆರಂಭದಲ್ಲಿ ಕುಸಿದು ಬಿದ್ದರು. ಬರೆಯುವುದು, ಕಲಿಸುವುದು, ನುಡಿಸುವುದು, ನಿರ್ದೇಶಿಸುವುದು ನಾಲ್ಕನ್ನೂ ನಾಲ್ವರು ಮಾಡಿದಂತೆ ಒಬ್ಬರೇ ಮಾಡಿದರೆ ಯಾವ ದೇಹ ತಡೆದೀತು?

ಅದೇ ವರ್ಷ ಮಹಾಯುದ್ಧ ಹೊತ್ತಿಕೊಂಡಿತು. ಆ ಶರತ್ಕಾಲದಲ್ಲಿ ರೇಗರ್ ಮಡಿದವರಿಗಾಗಿ ಒಂದು ದೊಡ್ಡ ಕೃತಿಯನ್ನು ಕೈಗೆತ್ತಿಕೊಂಡರು. ಅದು ಅವರು ಬಾಲ್ಯದಿಂದ ಬಲ್ಲ ಲತೀನ್ 'ರೆಕ್ವಿಯೆಮ್', ಮೃತರಿಗಾಗಿ ಅರ್ಪಿಸುವ ಪೂಜೆಯ ಪಠ್ಯ. ಪೂಜೆಯಲ್ಲಿ ಪಾಲುಗೊಳ್ಳುವ ಹಕ್ಕು ಕಳೆದುಕೊಂಡವರು ಇಡೀ ಪೂಜೆಯನ್ನೇ ಸಂಗೀತವಾಗಿಸಲು ಹೊರಟರು. ಮೊದಲ ಭಾಗ ಮುಗಿಯಿತು. ಅಂತಿಮ ತೀರ್ಪಿನ ದಿನವನ್ನು ವರ್ಣಿಸುವ 'ದೀಯೆಸ್ ಈರೆ' ಅರ್ಧಕ್ಕೆ ಬಂದಿತ್ತು. ಸ್ಟ್ರೌಬೆ ನೋಡಿ, ಇದು ಸರಿಬಂದಿಲ್ಲ ಎಂದರು. ಗೆಳೆಯನ ಮಾತನ್ನು ವೇದವಾಕ್ಯವೆಂದು ನಂಬಿದ್ದ ರೇಗರ್ ಕೃತಿಯನ್ನು ಅಲ್ಲಿಗೇ ಕೈಬಿಟ್ಟರು. ಸ್ಟ್ರೌಬೆ ಮಾಡಿದ ಉಪಕಾರಗಳು ಅನೇಕ. ಆದರೆ ಈ ಒಂದು ಮಾತನ್ನು ಅವರು ಆಡದಿದ್ದರೆ ಚೆನ್ನಾಗಿತ್ತು ಎಂದು ಆ ಅಪೂರ್ಣ ಪುಟಗಳನ್ನು ಕೇಳಿದವರಿಗೆ ಅನ್ನಿಸದಿರದು. 1915ರಲ್ಲಿ ಕವಿ ಹೆಬೆಲ್ ಬರೆದ ಜರ್ಮನ್ ಪದ್ಯಕ್ಕೆ ಚಿಕ್ಕದಾದ ಬೇರೊಂದು 'ರೆಕ್ವಿಯೆಮ್' ಬರೆದು ಯುದ್ಧದಲ್ಲಿ ಮಡಿದವರಿಗೆ ಅರ್ಪಿಸಿದರು. ಅದು ಮುಗಿಯುವ ಹೊತ್ತಿಗೆ ದೂರದಿಂದ ಬಂದಂತೆ ಒಂದು ಪರಿಚಿತ ರಾಗ ಕೇಳಿಬರುತ್ತದೆ. ಮುಳ್ಳಿನ ಕಿರೀಟ ಧರಿಸಿದ ಪ್ರಭುವಿನ ರಕ್ತಸಿಕ್ತ ಶಿರಸ್ಸನ್ನು ಕುರಿತ ಗೀತೆಯ ರಾಗ.

ಆ ಗೀತೆಯ ಚರಿತ್ರೆಯೇ ಸ್ವಾರಸ್ಯಕರ. ಮೂಲ ಪದ್ಯ ಮಧ್ಯಯುಗದ ಕಥೋಲಿಕ ಸನ್ಯಾಸಿಯೊಬ್ಬರ ಲತೀನ್ ರಚನೆ. 17ನೆಯ ಶತಮಾನದಲ್ಲಿ ಲೂಥರನ್ ಸಭಾಪಾಲಕ ಪೌಲ್ ಗೆರ್ಹಾರ್ಟ್ ಅದನ್ನು ಜರ್ಮನ್ ನುಡಿಗೆ ತಂದರು. ರಾಗವಾದರೋ ಹಾಸ್ಲರ್ ಎಂಬವರು 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತೆಯದು! ಬಾಖ್ ಇದನ್ನು ತಮ್ಮ ಮತ್ತಾಯನ ಯಾತನಾಗಾನದಲ್ಲಿ ಮತ್ತೆ ಮತ್ತೆ ತಂದರು. ಇಂದು ಎರಡೂ ಸಭೆಗಳವರು ಶುಭ ಶುಕ್ರವಾರದಂದು ಇದನ್ನು ಹಾಡುತ್ತಾರೆ. ಅದರ ಒಂದು ಚರಣ ಮರಣದ ಗಳಿಗೆಯಲ್ಲಿ ಪ್ರಭು ಜೊತೆಗಿರಲಿ ಎಂಬ ಪ್ರಾರ್ಥನೆ. ಆ ಚರಣ ತಮ್ಮ ಎಲ್ಲ ಕೃತಿಗಳ ಒಳಗೂ ಹರಿಯುತ್ತಿರುವುದನ್ನು ನೀವು ಗಮನಿಸಿಲ್ಲವೇ ಎಂದು ರೇಗರ್ ಒಮ್ಮೆ ಕೇಳಿದ್ದರಂತೆ. ಹುಡುಕಿದವರಿಗೆ ಅದು ಅಲ್ಲಲ್ಲಿ ನಿಜಕ್ಕೂ ಸಿಕ್ಕಿದೆ.

1915ರಲ್ಲಿ ಅವರು ಯೇನಾ ನಗರದಲ್ಲಿ ಮನೆ ಮಾಡಿ, ವಾರಕ್ಕೊಮ್ಮೆ ಲೈಪ್ಜಿಗ್‌ಗೆ ಪಾಠ ಹೇಳಲು ಹೋಗಿಬರುತ್ತಿದ್ದರು. 1916ರ ಮೇ 10ರಂದು ಹಾಗೆಯೇ ಹೋಗಿ, ಪಾಠ ಮುಗಿಸಿ, ಸಂಜೆ ಗೆಳೆಯರೊಡನೆ ಕಳೆದು, ಮೈ ಸರಿಯಿಲ್ಲವೆಂದು ಹೆನ್ಶೆಲ್ ಹೋಟೆಲಿನ ಕೋಣೆಗೆ ಮರಳಿದರು. ಬೆಳಗಾದಾಗ ಪ್ರಾಣವಿರಲಿಲ್ಲ, ಹೃದಯ ನಿಂತಿತ್ತು. ಹಾಸಿಗೆಯ ಪಕ್ಕದಲ್ಲಿ ಅಚ್ಚಿಗೆ ಹೋಗಲಿದ್ದ ಅವರ 'ಎಂಟು ಆಧ್ಯಾತ್ಮಿಕ ಗೀತೆಗಳು' ಕೃತಿಯ ಕರಡು ಹಾಳೆಗಳು ತೆರೆದಿದ್ದವು. ಮೇಲಿದ್ದ ಪುಟದ ಗೀತೆ, ಮನುಷ್ಯನ ಬಾಳು ಎಷ್ಟು ಕ್ಷಣಿಕ ಎಂಬುದನ್ನು ಕುರಿತದ್ದು. ಹೆಬೆಲ್ ಪದ್ಯದ 'ರೆಕ್ವಿಯೆಮ್' ಮೊದಲ ಬಾರಿ ಕೇಳಿಬಂದದ್ದು ಎರಡು ತಿಂಗಳ ನಂತರ, ಹೈಡಲ್‌ಬರ್ಗ್ ನಗರದಲ್ಲಿ. ರಚನಕಾರನೂ ಅಷ್ಟರಲ್ಲಿ ಮೃತರ ಸಾಲಿಗೆ ಸೇರಿದ್ದ.

ಅವರ ದೇಹವನ್ನು ಯೇನಾದಲ್ಲಿ ದಹನ ಮಾಡಲಾಯಿತು. ಅದೂ ಆಗ ಕಥೋಲಿಕರಿಗೆ ನಿಷಿದ್ಧವಾಗಿತ್ತು. ಧರ್ಮಸಭೆ ದಹನಕ್ಕೆ ಅನುಮತಿ ನೀಡಿದ್ದು 1963ರಲ್ಲಿ. ಅಸ್ಥಿಕಲಶ ಕೆಲವು ವರ್ಷ ಯೇನಾದ ಮನೆಯಲ್ಲೇ ಇತ್ತು, 1922ರಲ್ಲಿ ವೈಮಾರ್ ನಗರಕ್ಕೆ ಹೋಯಿತು, ಕೊನೆಗೆ 1930ರಲ್ಲಿ ಮ್ಯೂನಿಕ್ ನಗರದ ಅರಣ್ಯ ಸಮಾಧಿಭೂಮಿಯಲ್ಲಿ ನೆಲೆ ಕಂಡಿತು. ಎಲ್ಸಾ 1951ರವರೆಗೆ ಬದುಕಿದ್ದು, 1947ರಲ್ಲಿ ಗಂಡನ ಹಸ್ತಪ್ರತಿಗಳಿಗಾಗಿ ಬಾನ್ ನಗರದಲ್ಲಿ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದು ಈಗ ಕಾರ್ಲ್ಸ್‌ರೂಹೆಯಲ್ಲಿದೆ. ಕಥೋಲಿಕೇತರ ಪಾಲಕರ ಮುಂದೆ ಮದುವೆಯಾದವರ ಮೇಲಿದ್ದ ಬಹಿಷ್ಕಾರವನ್ನು ರೋಮ್ ಪೂರ್ವಾನ್ವಯವಾಗುವಂತೆ ತೆಗೆದುಹಾಕಿದ್ದು 1966ರಲ್ಲಿ, ರೇಗರ್ ತೀರಿಕೊಂಡ 50ನೆಯ ವರ್ಷದಲ್ಲಿ. ವಿಚ್ಛೇದಿತರ ಮರುವಿವಾಹದ ಪ್ರಶ್ನೆ ಮಾತ್ರ ಬೇರೆ. ಅದು ಧರ್ಮಸಭೆಯ ಮುಂದೆ ಈಗಲೂ ಇದೆ.

ಅವರ ಹಾಡುಗಳಲ್ಲಿ ಮನೆಮನೆಗೆ ತಲುಪಿದ್ದು 1912ರ 'ಮರಿಯಳ ಜೋಗುಳ'. ಕ್ರಿಸ್ತ ಜಯಂತಿಯ ಹಳೆಯ ಜರ್ಮನ್ ರಾಗವೊಂದರ ನೆರಳಿನಲ್ಲಿ ಅರಳಿದ ಆ ಸರಳ ಹಾಡನ್ನು ಬರೆದವರೇ ಕಂಬಗಳನ್ನು ನಡುಗಿಸುವ ಫ್ಯೂಗ್ ಬರೆದವರು ಎಂದರೆ ನಂಬುವುದು ಕಷ್ಟ. ಬೆಥ್ಲೆಹೇಮಿನ ಆ ಮಗುವಿಗೆ ಜೋಗುಳ ಹಾಡುವ ಹಕ್ಕನ್ನಂತೂ ಅವರಿಂದ ಯಾರೂ ಕಿತ್ತುಕೊಂಡಿರಲಿಲ್ಲ.

ಅವರ ನುಡಿಸಾಣಿಕೆಯನ್ನು ಇಂದಿಗೂ ಕೇಳಬಹುದು. 1913ರಲ್ಲಿ ಜರ್ಮನಿಯ ವೆಲ್ಟೆ ಕಂಪನಿ, ವಾದಕನ ಬೆರಳುಗಳ ಚಲನೆಯನ್ನು ಕಾಗದದ ಸುರುಳಿಯ ಮೇಲೆ ದಾಖಲಿಸಿ, ಅದನ್ನು ಯಂತ್ರದ ಆರ್ಗನ್ನಿನಲ್ಲಿ ಮತ್ತೆ ನುಡಿಸುವ ವಿಧಾನವನ್ನು ಅವರ ಮೇಲೆ ಪ್ರಯೋಗಿಸಿತು. ಆ ಸುರುಳಿಗಳು ಉಳಿದಿವೆ, ಧ್ವನಿಮುದ್ರಿಕೆಗಳಾಗಿಯೂ ಬಂದಿವೆ. ಫ್ರೈಬುರ್ಗ್ ನಗರದಲ್ಲಿ ಆ ಬೇಸಿಗೆ ದಿನ ಅವರು ನುಡಿಸಿದ ತುಣುಕುಗಳಲ್ಲಿ 'ಬೆನೆದಿಕ್ತುಸ್' ಒಂದು. ಹಳೆಯ ಲತೀನ್ ಪೂಜೆಯಲ್ಲಿ ಗುರುಗಳು ರೊಟ್ಟಿ ಮತ್ತು ಪಾತ್ರೆಯನ್ನು ಮೇಲೆತ್ತಿ ತೋರಿಸಿದ ನಂತರ, ಎಲ್ಲರೂ ಮೊಣಕಾಲ ಮೇಲಿರುವಾಗ ಹಾಡುತ್ತಿದ್ದ ಪದಗಳವು. ಕೇಳಿಸಿಯೂ ಕೇಳಿಸದಂತೆ ಆರಂಭವಾಗಿ, ನಡುವೆ ಒಮ್ಮೆ ದೊಡ್ಡ ದನಿಯಾಗಿ ಎದ್ದು, ಮತ್ತೆ ಮೌನಕ್ಕೆ ಇಳಿಯುವ ಆ ಸಂಗೀತವನ್ನು, ಪೂಜೆಯಿಂದ ಹೊರಗುಳಿದು ಆಗಲೇ 10 ವರ್ಷ ಕಳೆದಿದ್ದ ಆ ಮನುಷ್ಯ ಎಲ್ಲೂ ಅವಸರವಿಲ್ಲದೆ ನುಡಿಸಿದ್ದಾರೆ.